ಮೀನುದೋಣಿಯ ಫಿಶ್ ಫೈಂಡರ್, ಲೈಟು, ಪಂಪಿಗೆ ಯಾವ ಬ್ಯಾಟರಿ?

ಹಮ್ಮಿಗಿ ಬ್ಯಾರೇಜಿನ ಹಿನ್ನೀರಿರಲಿ, ಗಳಗನಾಥದಲ್ಲಿ ವರದಾ ನದಿ ತುಂಗಭದ್ರೆಗೆ ಕೂಡುವ ಜಾಗವಿರಲಿ, ಗುತ್ತಿಗೆ ಹಿಡಿದ ಊರ ಕೆರೆಯಿರಲಿ, ದೋಣಿಯಲ್ಲಿ ಬಲೆ-ಗಾಳದ ಪಕ್ಕ ಈಗ ವೈರೂ ಸೇರಿಕೊಂಡಿದೆ. ನೀರಿಗೆ ಶಬ್ದ ಬಿಟ್ಟು ಅದರ ಪ್ರತಿಧ್ವನಿಯಿಂದ ಆಳ, ಮೀನು ತೋರಿಸುವ ಫಿಶ್ ಫೈಂಡರ್, ಎಲ್‌ಇಡಿ ಲೈಟು, ಹಿಡಿದ ಮೀನನ್ನು ಜೀವಂತ ಇಡಲು ಏರೇಟರ್, ಫೋನ್ ಚಾರ್ಜರ್, ತಳದಲ್ಲಿ ನಿಂತ ನೀರು ಹೊರಹಾಕುವ ಬಿಲ್ಜ್ ಪಂಪು. ಎಲ್ಲವೂ 12 ವೋಲ್ಟಿನವೇ. ಹಾಗಾಗಿ ದೋಣಿಯಲ್ಲಿ ಯಾವ ಬ್ಯಾಟರಿ ಕಣ್ಣಿಗೆ ಬಿತ್ತೋ ಅದಕ್ಕೇ ಕ್ಲಿಪ್ ಸಿಕ್ಕಿಸಿಬಿಡುತ್ತಾರೆ. ತೊಂದರೆ ಶುರುವಾಗುವುದು ಅಲ್ಲಿಂದಲೇ.

ಉತ್ತರ ಮೊದಲು ಹೇಳಿಬಿಡುತ್ತೇವೆ. ಫಿಶ್ ಫೈಂಡರ್, ಲೈಟು, ಏರೇಟರ್, ಚಾರ್ಜರ್ ಇಷ್ಟಕ್ಕೂ ಅವುಗಳದ್ದೇ ಒಂದು ಸಣ್ಣ ಬ್ಯಾಟರಿ ಇಡಿ. ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಗೆ, ಅಂದರೆ ಸೆಲ್ಫ್ ಬ್ಯಾಟರಿಗೆ, ಕೈ ಹಚ್ಚಬೇಡಿ. ದೋಣಿ ನಡೆಸುವ ಕರೆಂಟಿನ ಮೋಟರು, ಅಂದರೆ ಟ್ರೋಲಿಂಗ್ ಮೋಟರಿನ ಬ್ಯಾಟರಿಯಿಂದಲೂ ಎಳೆಯಬೇಡಿ. ಬಿಲ್ಜ್ ಪಂಪಿನದು ಮಾತ್ರ ಬೇರೆ ಲೆಕ್ಕ, ಅದನ್ನು ಮುಂದೆ ಹೇಳುತ್ತೇವೆ. ಯಾಕೆ ಹೀಗೆ ಎಂಬುದು ತಿಳಿದರೆ ನಿಮ್ಮ ದೋಣಿಗೆ ಎಷ್ಟು ದೊಡ್ಡದು ಬೇಕು, ಯಾವ ಜಾತಿಯದು ಬೇಕು ಎಂಬುದನ್ನು ನೀವೇ ಲೆಕ್ಕ ಹಾಕಬಹುದು.

ಸೆಲ್ಫ್ ಬ್ಯಾಟರಿ ಯಾಕೆ ಬೇಡ

ಕಾರು, ಟ್ರ್ಯಾಕ್ಟರು, ಸೆಲ್ಫ್ ಇರುವ ಔಟ್‌ಬೋರ್ಡ್ ಎಂಜಿನ್ ಇವುಗಳ ಬ್ಯಾಟರಿಯ ಒಳಗೆ ತೆಳುವಾದ ಪ್ಲೇಟುಗಳು ಬಹಳ ಇರುತ್ತವೆ. ಎರಡು ಮೂರು ಸೆಕೆಂಡು ಒಮ್ಮೆಲೇ ನೂರಾರು ಆಂಪಿಯರ್ ಕೊಡುವುದು ಅದರ ಕೆಲಸ. 100 ಆಂಪಿಯರ್ ಮೂರು ಸೆಕೆಂಡು ಎಳೆದರೂ ಖರ್ಚಾಗುವುದು 0.1 ಎಎಚ್‌ಗಿಂತ ಕಡಿಮೆ (ಎಎಚ್ ಅಂದರೆ ಆಂಪಿಯರ್-ತಾಸು, ಒಂದು ಆಂಪಿಯರಿನಂತೆ ಒಂದು ತಾಸು ಎಳೆದಷ್ಟು). ಅಂದರೆ ಎಂಜಿನ್ ಸ್ಟಾರ್ಟ್ ಮಾಡುವುದರಿಂದ ಆ ಬ್ಯಾಟರಿ ಖಾಲಿಯಾಗುವುದೇ ಇಲ್ಲ. ಅದನ್ನು ಖಾಲಿ ಮಾಡುವುದು ಇಡೀ ರಾತ್ರಿ ಮಿಣುಕುವ ಸಣ್ಣ ಲೈಟು, ಬೆಳಗಿನಿಂದ ಉರಿಯುವ ಸ್ಕ್ರೀನು. ತೆಳು ಪ್ಲೇಟಿನ ಬ್ಯಾಟರಿಯನ್ನು ಹೀಗೆ ಪೂರ್ತಿ ಇಳಿಸಿ ಮತ್ತೆ ತುಂಬುತ್ತ ಹೋದರೆ ಪ್ಲೇಟಿನ ಮೇಲಿನ ಮದ್ದು ಉದುರಿ ತಳ ಸೇರುತ್ತದೆ. ಕೆಲವೇ ಹತ್ತಾರು ಸಲಕ್ಕೆ ಬ್ಯಾಟರಿ ಸೋಲುತ್ತದೆ.

ಎರಡನೆಯ ತೊಂದರೆ ಆಗಲೇ ಕಣ್ಣಿಗೆ ಕಾಣುತ್ತದೆ. ಸೆಲ್ಫ್ ಹೊಡೆದ ಕ್ಷಣ ಬ್ಯಾಟರಿಯ ವೋಲ್ಟೇಜು 12.6ರಿಂದ 10ರ ಹತ್ತಿರ ಬೀಳುತ್ತದೆ, ಬ್ಯಾಟರಿ ಹಳೆಯದಾದರೆ 9ಕ್ಕೂ ಇಳಿಯುತ್ತದೆ. ಸಾಮಾನ್ಯವಾಗಿ ಫಿಶ್ ಫೈಂಡರಿಗೆ ಕನಿಷ್ಠ 10 ವೋಲ್ಟ್ ಬೇಕು. ಅದಕ್ಕಿಂತ ಕೆಳಗೆ ಬಿದ್ದರೆ ಸ್ಕ್ರೀನು ಆರಿ, ಮತ್ತೆ ಮೊದಲಿನಿಂದ ಆನ್ ಆಗುತ್ತದೆ. ಗುರುತು ಹಾಕಿಕೊಂಡ ಜಾಗ ಸೇವ್ ಮಾಡುವ ಹೊತ್ತಿಗೇ ಹೀಗಾದರೆ ಅದು ಹೋದಂತೆಯೇ. ಸೆಲ್ಫ್ ಬಿಟ್ಟಾಗ ಬರುವ ವೋಲ್ಟೇಜ್ ಏಟೂ ಎಲೆಕ್ಟ್ರಾನಿಕ್ಸಿಗೆ ಒಳ್ಳೆಯದಲ್ಲ.

ಮೂರನೆಯದು ದಡಕ್ಕೆ ವಾಪಸ್ ಬರುವ ಪ್ರಶ್ನೆ. ಸಂಜೆ ಗಾಳಿ ಎದ್ದ ಮೇಲೆ ಹಿನ್ನೀರಿನ ನಡುವೆ ಸೆಲ್ಫ್ ಕಟಕಟ ಎಂದು ಸುಮ್ಮನಾದರೆ ಫಿಶ್ ಫೈಂಡರ್ ತೋರಿಸಿದ ಯಾವ ಮೀನೂ ಉಪಯೋಗಕ್ಕೆ ಬರುವುದಿಲ್ಲ. ಹಗ್ಗ ಎಳೆದು ಸ್ಟಾರ್ಟ್ ಮಾಡುವ ವ್ಯವಸ್ಥೆ ಇಲ್ಲದ ಎಂಜಿನ್ ಆದರೆ ಆ ಬ್ಯಾಟರಿಯನ್ನು ಎಂಜಿನ್ನಿಗೇ ಮೀಸಲಿಡಿ, ಬೇರೆ ಒಂದು ವೈರೂ ಅದಕ್ಕೆ ಬೇಡ.

ಹಗ್ಗದ ಎಂಜಿನ್ ಇರುವವರಿಗೆ ಒಂದು ಎಚ್ಚರಿಕೆ. ಕೆಲವು ಸಣ್ಣ ಎಂಜಿನ್ನುಗಳಿಂದ ಲೈಟಿಗೆಂದು ಎರಡು ವೈರು ಹೊರಗೆ ಬಂದಿರುತ್ತವೆ. ಅವುಗಳ ಹಿಂದಿರುವುದು ಬರೀ ಕಾಯಿಲ್. ಅದರಲ್ಲಿ ಬರುವುದು ಎಸಿ ಕರೆಂಟು, ರೇಸ್ ಏರಿಸಿದಂತೆ ವೋಲ್ಟೇಜೂ ಏರುತ್ತದೆ. ಹಳೇ ಬಲ್ಬಾದರೆ ಅದನ್ನು ತಡೆದುಕೊಳ್ಳುತ್ತದೆ, ಫಿಶ್ ಫೈಂಡರ್ ತಡೆಯುವುದಿಲ್ಲ. ನಡುವೆ ಎಸಿಯನ್ನು ಡಿಸಿ ಮಾಡಿ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಕ್ಟಿಫೈಯರ್-ರೆಗ್ಯುಲೇಟರ್ ಇಲ್ಲದೆ ಆ ವೈರಿಗೆ ಬ್ಯಾಟರಿಯನ್ನೂ ಕಟ್ಟಬೇಡಿ. ರೆಗ್ಯುಲೇಟರ್ ಹಾಕಿದ ಮೇಲೆ ಬ್ಯಾಟರಿ ಜೋಡಿಸಿ, ಎಂಜಿನ್ ಓಡುವಾಗ ಮಲ್ಟಿಮೀಟರನ್ನು ಡಿಸಿಯಲ್ಲಿಟ್ಟು ಟರ್ಮಿನಲ್ ಮೇಲೆ ನೋಡಿ. 13.8ರಿಂದ 14.5 ಬರಬೇಕು. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ ಎಂದು ತಿಳಿಯಿರಿ.

ಟ್ರೋಲಿಂಗ್ ಮೋಟರಿನ ಬ್ಯಾಟರಿ

ಈ ಬ್ಯಾಟರಿ ಡೀಪ್ ಸೈಕಲ್ ಜಾತಿಯದು. ಆಳಕ್ಕೆ ಇಳಿಸಿದರೂ ತಾಳುತ್ತದೆ, ಎಎಚ್ ಕೂಡ ದೊಡ್ಡದು. ಇದರಿಂದಲೇ ಒಂದು ಆಂಪಿಯರ್ ಎಳೆದರೆ ಏನಾಯಿತು ಎಂದು ಎಲ್ಲರಿಗೂ ಅನಿಸುತ್ತದೆ. ಖರ್ಚಿನ ದೃಷ್ಟಿಯಿಂದ ನಿಜಕ್ಕೂ ಏನೂ ಆಗುವುದಿಲ್ಲ. 55 ಪೌಂಡ್ ತಳ್ಳುವ ಮೋಟರು ಪೂರ್ತಿ ವೇಗದಲ್ಲಿ 50 ಆಂಪಿಯರ್ ಹತ್ತಿರ ಎಳೆಯುವಾಗ ಫಿಶ್ ಫೈಂಡರಿನ ಒಂದು ಆಂಪಿಯರ್ ಲೆಕ್ಕಕ್ಕೇ ಇಲ್ಲ.

ತೊಂದರೆ ಇರುವುದು ಸದ್ದಿನಲ್ಲಿ, ಕಿವಿಗೆ ಕೇಳುವ ಸದ್ದಲ್ಲ, ವೈರಿನಲ್ಲಿ ಓಡುವ ಕರೆಂಟಿನ ಸದ್ದು. ವೇಗ ಹೆಚ್ಚು-ಕಡಿಮೆ ಮಾಡುವ ಮೋಟರುಗಳು ಬಹುಮಟ್ಟಿಗೆ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಕಡಿದು ಕೊಡುತ್ತವೆ. ಆ ಕಡಿತ ಬ್ಯಾಟರಿಯ ವೈರಿನಲ್ಲೇ ಹಿಂದಕ್ಕೆ ಬಂದು ಫಿಶ್ ಫೈಂಡರಿಗೆ ತಲುಪುತ್ತದೆ. ನೀರಿನಿಂದ ವಾಪಸ್ ಬರುವ ಅತಿ ಸಣ್ಣ ಪ್ರತಿಧ್ವನಿಯನ್ನು ಹಿಡಿಯುವ ಯಂತ್ರ ಅದು. ಈ ಸದ್ದನ್ನೂ ಮೀನೆಂದೇ ಬಗೆದು ಸ್ಕ್ರೀನಿನ ತುಂಬ ಉದ್ದುದ್ದ ಗೆರೆ, ಚುಕ್ಕೆ ಚೆಲ್ಲುತ್ತದೆ. ಜನ ಅದನ್ನು ಪ್ರತಿಧ್ವನಿ ಹಿಡಿಯುವ ಸೆನ್ಸರ್ ಕೆಟ್ಟಿದೆ ಎಂದು ತಿಳಿದು ಹೊಸದು ತರಿಸುತ್ತಾರೆ. ಹಣ ದಂಡ.

ಇದನ್ನು ಪರೀಕ್ಷಿಸುವುದು ಸುಲಭ. ಮೋಟರ್ ಓಡುತ್ತಿರುವಾಗಲೇ ಫಿಶ್ ಫೈಂಡರನ್ನು ಬಿಡಿಸಿ ಯಾವುದಾದರೂ ಬೈಕಿನ ಬ್ಯಾಟರಿಗೆ ಹಾಕಿ ನೋಡಿ. ಗೆರೆ ಮಾಯವಾದರೆ ತಪ್ಪು ಹಂಚಿಕೊಂಡ ಬ್ಯಾಟರಿಯದ್ದು. ಇನ್ನೂ ಇದ್ದರೆ ಸೆನ್ಸರಿನ ಕೇಬಲ್ಲು ಮೋಟರಿನ ದಪ್ಪ ವೈರಿನ ಜೊತೆಗೇ ಓಡಿದೆ ಎಂದರ್ಥ. ಎರಡನ್ನೂ ದೋಣಿಯ ಒಂದೊಂದು ಬದಿಗೆ ಒಯ್ಯಿರಿ. ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಿ, ಉದ್ದಕ್ಕೆ ಕೂಡಿಸಿ ಕಟ್ಟಬೇಡಿ. ಉಳಿದ ವೈರನ್ನು ಸುರುಳಿ ಸುತ್ತಿ ಮೋಟರಿನ ಪಕ್ಕ ಇಡುವುದೂ ತಪ್ಪು.

24 ವೋಲ್ಟಿನ ಮೋಟರಿಗೆ ಎರಡು ಬ್ಯಾಟರಿ ಸೀರೀಸ್ ಹಾಕಿದವರಲ್ಲಿ ಇನ್ನೊಂದು ತಪ್ಪು ಕಾಣುತ್ತದೆ. ಎರಡರಲ್ಲಿ ಒಂದರಿಂದ ಮಾತ್ರ 12 ವೋಲ್ಟ್ ತೆಗೆದು ಲೈಟು ಹಾಕುತ್ತಾರೆ. ಆ ಬ್ಯಾಟರಿ ಪ್ರತಿ ಸಲ ಜೋಡಿಗಿಂತ ಸ್ವಲ್ಪ ಹೆಚ್ಚು ಇಳಿಯುತ್ತದೆ. ಎರಡನ್ನೂ ಕೂಡಿಸಿ ಚಾರ್ಜಿಗೆ ಹಾಕಿದಾಗ ತುಂಬಿದ್ದು ಕುದಿಯುತ್ತದೆ, ಇಳಿದದ್ದು ಅರ್ಧಕ್ಕೇ ನಿಲ್ಲುತ್ತದೆ. ಒಂದು ವರ್ಷ ಕಳೆಯುವುದರೊಳಗೆ ಎರಡೂ ಹೋಗುತ್ತವೆ.

ಲೆಕ್ಕ ಹಾಕುವುದು ಹೇಗೆ

ಅಂಗಡಿಗೆ ಹೋಗುವ ಮುಂಚೆ ಒಂದು ಚೀಟಿ ತೆಗೆದುಕೊಳ್ಳಿ. ಪ್ರತಿ ಸಾಮಾನು ಎಷ್ಟು ಆಂಪಿಯರ್ ಎಳೆಯುತ್ತದೆ, ಎಷ್ಟು ತಾಸು ಓಡುತ್ತದೆ, ಎರಡನ್ನೂ ಬರೆದು ಗುಣಿಸಿ. ಆಂಪಿಯರ್ ಬರೆದಿಲ್ಲದಿದ್ದರೆ ವ್ಯಾಟನ್ನು 12ರಿಂದ ಭಾಗಿಸಿ. ಅಂದಾಜಿಗೆ: 5 ಇಂಚಿನ ಫಿಶ್ ಫೈಂಡರು 0.5ರಿಂದ 1 ಆಂಪಿಯರ್, 7 ಇಂಚಿನದು 1ರಿಂದ 1.5, 9 ಇಂಚಿನದು 2ರ ಆಸುಪಾಸು. 10 ವ್ಯಾಟಿನ ಎಲ್‌ಇಡಿ 0.85. ಫೋನ್ ಚಾರ್ಜರು 1. ಬಕೆಟ್ಟಿಗೆ ಗಾಳಿ ಬಿಡುವ ಸಣ್ಣ ಏರೇಟರು 0.3. ಗಂಟೆಗೆ 500 ಗ್ಯಾಲನ್ ಎತ್ತುವ ಬಿಲ್ಜ್ ಪಂಪು 2ರಿಂದ 2.5. ಸ್ಕ್ರೀನಿನ ಬೆಳಕೇ ಫಿಶ್ ಫೈಂಡರಿನ ದೊಡ್ಡ ಖರ್ಚು. ಮಧ್ಯಾಹ್ನದ ಬಿಸಿಲಿಗೆ ಬೆಳಕನ್ನು ಪೂರ್ತಿ ಏರಿಸಿ ಇಡುವವರು ಮೇಲಿನ ಅಂಕಿಯನ್ನೇ ಹಿಡಿಯಬೇಕು.

ಒಂದು ದಿನದ ಉದಾಹರಣೆ ನೋಡಿ. ಫಿಶ್ ಫೈಂಡರ್ 0.8 ಆಂಪಿಯರ್, 6 ತಾಸು: 4.8 ಎಎಚ್. ಬೆಳಗಿನ ಕತ್ತಲೆಗೆ ಲೈಟು 0.85, 3 ತಾಸು: 2.55. ಫೋನು 1 ಆಂಪಿಯರ್, 2 ತಾಸು: 2. ಏರೇಟರ್ 0.3, 6 ತಾಸು: 1.8. ಕೂಡಿದರೆ 11.15 ಎಎಚ್.

ಇಲ್ಲಿಗೇ ನಿಲ್ಲಿಸಿ 12 ಎಎಚ್ ಬ್ಯಾಟರಿ ಕೊಂಡವರು ಮೋಸ ಹೋಗುತ್ತಾರೆ. ಲೆಡ್-ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತ ಹೋದರೆ ಆಯುಷ್ಯ ಬೇಗ ಮುಗಿಯುತ್ತದೆ. ಆದ್ದರಿಂದ 11.15ನ್ನು ಎರಡರಿಂದ ಗುಣಿಸಿ: ಸುಮಾರು 22. ಬ್ಯಾಟರಿ ಹಳೆಯದಾಗುತ್ತ ಕಡಿಮೆ ಕೊಡುತ್ತದೆ, ಒಂದು ದಿನ ಹೆಚ್ಚು ಹೊತ್ತು ನೀರಿನಲ್ಲಿ ಉಳಿಯುತ್ತೀರಿ. ಅದಕ್ಕೆ ಐದನೇ ಒಂದು ಪಾಲು ಕೂಡಿಸಿ: 26-27. ಅಂಗಡಿಯಲ್ಲಿ ಸಿಗುವ 12 ವೋಲ್ಟ್ 26 ಎಎಚ್ ಎಸ್‌ಎಂಎಫ್ ಬ್ಯಾಟರಿ (ಮುಚ್ಚಿದ, ನೀರು ಹಾಕಬೇಕಿಲ್ಲದ ಲೆಡ್-ಆಸಿಡ್) ಈ ದಿನಕ್ಕೆ ಸರಿ. ಲಿಥಿಯಂ ಆದರೆ 80 ಶೇಕಡಾ ತೆಗೆಯಬಹುದು: 11.15ನ್ನು 0.8ರಿಂದ ಭಾಗಿಸಿದರೆ 14, ಮೇಲೆ ಐದನೇ ಒಂದು ಪಾಲು ಹಾಕಿದರೆ 17. ಹಾಗಾಗಿ 18 ಅಥವಾ 20 ಎಎಚ್ ಸಾಕು.

ಬರೀ ಫಿಶ್ ಫೈಂಡರ್ ಮಾತ್ರ, ಅದೂ ನಾಲ್ಕು ತಾಸು ಎನ್ನುವವರಿಗೆ ಕಂಪ್ಯೂಟರ್ ಯುಪಿಎಸ್‌ನಲ್ಲಿ ಬರುವ 7 ಎಎಚ್ ಎಸ್‌ಎಂಎಫ್ ಸಾಕಾಗುತ್ತದೆ. ಎರಡು ಕೆಜಿಯಷ್ಟು ತೂಕ, ಹರಿಗೋಲಿನಲ್ಲೂ ಭಾರವಾಗದು.

ಫಿಶ್ ಫೈಂಡರ್ ನಿಮಗೆ ಎಷ್ಟು ಬೇಕು ಎಂಬುದನ್ನೂ ಒಮ್ಮೆ ಯೋಚಿಸಿ. ಸೆನ್ಸರಿನ ಕೋನ 20 ಡಿಗ್ರಿ ಇದ್ದರೆ ಅದು ನೋಡುವ ವೃತ್ತದ ಅಗಲ ಆಳದ ಮೂರನೇ ಒಂದು ಭಾಗದಷ್ಟು ಮಾತ್ರ. 3 ಮೀಟರ್ ಆಳದ ಕೆರೆಯಲ್ಲಿ ದೋಣಿಯ ಕೆಳಗಿನ ಒಂದು ಮೀಟರ್ ಜಾಗ ಕಾಣುತ್ತದೆ, ಅಷ್ಟೇ. ಅಂಥ ಕೆರೆಯಲ್ಲಿ ಆಳ, ಹೂಳು, ಮುಳುಗಿದ ಮರದ ಬೊಡ್ಡೆ ನೋಡಿಕೊಂಡು ಆಫ್ ಮಾಡಿದರೆ ಸಾಕು. ಆಗ ಬ್ಯಾಟರಿಯ ಲೆಕ್ಕವೂ ಸಣ್ಣದಾಗುತ್ತದೆ.

ಅಂಗಡಿಯಲ್ಲಿ ಏನು ಕೇಳಬೇಕು

ಹುಬ್ಬಳ್ಳಿಯಲ್ಲಾಗಲಿ, ಗದಗ-ಹಾವೇರಿಯಲ್ಲಾಗಲಿ ಬ್ಯಾಟರಿ ಅಂಗಡಿಯಲ್ಲಿ "ಬೋಟ್ ಬ್ಯಾಟರಿ" ಎಂದರೆ ಮುಖ ನೋಡುತ್ತಾರೆ. ನಮ್ಮ ಕಡೆ ಸಿಗುವುದು ಕಾರು-ಟ್ರ್ಯಾಕ್ಟರಿನದು, ಮನೆ ಇನ್ವರ್ಟರಿನದು, ಸೋಲಾರಿನದು, ಇ-ರಿಕ್ಷಾದ್ದು, ಯುಪಿಎಸ್‌ನದು. ಇವುಗಳಲ್ಲೇ ಆರಿಸಬೇಕು.

ಇನ್ವರ್ಟರಿನ ಟ್ಯೂಬ್ಯುಲರ್ ಬ್ಯಾಟರಿ ಆಳಕ್ಕೆ ಇಳಿದರೂ ಗಟ್ಟಿ, ಬಾಳಿಕೆಯೂ ಹೆಚ್ಚು. ಆದರೆ ಎತ್ತರದ್ದು, 150 ಎಎಚ್‌ನದು 50 ಕೆಜಿ ದಾಟುತ್ತದೆ, ಒಳಗೆ ಆಸಿಡ್ ನೀರಿನಂತೆ ತುಳುಕುತ್ತದೆ. ಮನೆಯ ಮೂಲೆಯಲ್ಲಿ ಅಲುಗಾಡದೆ ನಿಲ್ಲಲಿ ಎಂದು ಮಾಡಿದ್ದು. ದೋಣಿ ಒಂದು ಬದಿಗೆ ವಾಲಿದರೆ ಮೇಲಿನ, ನೀರಿನ ಮಟ್ಟ ತೋರಿಸುವ ತೇಲುಬೂಚಿನ ತೂತಿನಿಂದ ಆಸಿಡ್ ಹೊರಬರುತ್ತದೆ. ಬಲೆಗೆ ತಾಗಿದರೆ ನೂಲು ಸುಡುತ್ತದೆ, ಕಾಲಿಗೆ ತಾಗಿದರೆ ಹುಣ್ಣು. ಅಗಲ ತಳದ ದೊಡ್ಡ ಫೈಬರ್ ದೋಣಿಯಲ್ಲಿ, ಬೆಲ್ಟು ಹಾಕಿ ಕಟ್ಟಿ, ಟ್ರೋಲಿಂಗ್ ಮೋಟರಿಗಾದರೆ ಒಪ್ಪಬಹುದು. ಹರಿಗೋಲಿಗೆ, ತೆಪ್ಪಕ್ಕೆ ಇದು ಬೇಡವೇ ಬೇಡ.

ಎಸ್‌ಎಂಎಫ್ ಅಥವಾ ಎಜಿಎಂ ಬ್ಯಾಟರಿಯಲ್ಲಿ ಆಸಿಡ್ಡನ್ನು ಗಾಜಿನ ನೂಲಿನ ಹಾಳೆ ಹೀರಿಕೊಂಡಿರುತ್ತದೆ. ವಾಲಿದರೂ ಚೆಲ್ಲುವುದಿಲ್ಲ, ನೀರು ಹಾಕುವ ಕೆಲಸವಿಲ್ಲ. ನಮ್ಮ ಸಣ್ಣ ದೋಣಿಗಳ ಬಿಡಿ ಸಾಮಾನಿಗೆ ಹೆಚ್ಚಿನವರಿಗೆ ಇದೇ ಸರಿಯಾದ ಆಯ್ಕೆ ಎಂಬುದು ನಮ್ಮ ಅಭಿಪ್ರಾಯ. ಕೆಟ್ಟರೆ ಹುಬ್ಬಳ್ಳಿಯಲ್ಲಿ ಆ ದಿನವೇ ಬದಲಿ ಸಿಗುತ್ತದೆ, ಚಾರ್ಜರೂ ಸಿಗುತ್ತದೆ. ಕೊಳ್ಳುವಾಗ ತಯಾರಾದ ತಿಂಗಳು ನೋಡಿ. ಆರು ತಿಂಗಳು ಗೋದಾಮಿನಲ್ಲಿ ಚಾರ್ಜಿಲ್ಲದೆ ಬಿದ್ದದ್ದನ್ನು ತರಬೇಡಿ. ಮೀಟರಿನಲ್ಲಿ 12.6ಕ್ಕಿಂತ ಕಡಿಮೆ ತೋರಿಸಿದರೆ ಬೇರೆ ಪೀಸ್ ಕೇಳಿ.

ಎಎಚ್ ಪಕ್ಕದಲ್ಲಿ ಸಿ20, ಸಿ10 ಎಂದು ಬರೆದಿರುವುದನ್ನೂ ಓದಿ. ಸಿ20ರಲ್ಲಿ 100 ಎಎಚ್ ಎಂದರೆ 5 ಆಂಪಿಯರಿನಂತೆ 20 ತಾಸು. ಸೋಲಾರ್ ಬ್ಯಾಟರಿಗಳಲ್ಲಿ ಸಿ10 ಇರುತ್ತದೆ, 10 ಆಂಪಿಯರಿನಂತೆ 10 ತಾಸು. ಎಳೆತ ಜೋರಾದಷ್ಟೂ ಲೆಡ್-ಆಸಿಡ್ ಕೊಡುವುದು ಕಡಿಮೆ. 100 ಎಎಚ್ ಎಂದು ಬರೆದದ್ದಕ್ಕೆ 50 ಆಂಪಿಯರಿನ ಮೋಟರ್ ಹಾಕಿದರೆ ಎರಡು ತಾಸು ಬರುವುದಿಲ್ಲ, ಒಂದು ತಾಸಿನ ಹೊತ್ತಿಗೆ ದಣಿಯುತ್ತದೆ. ಫಿಶ್ ಫೈಂಡರಿನಂಥ ಸಣ್ಣ ಎಳೆತಕ್ಕೆ ಈ ಚಿಂತೆ ಇಲ್ಲ, ಬರೆದ ಎಎಚ್ ಹೆಚ್ಚುಕಡಿಮೆ ಪೂರ್ತಿ ಸಿಗುತ್ತದೆ.

ಲಿಥಿಯಂನಲ್ಲಿ ಕೇಳಬೇಕಾದದ್ದು ಲಿಥಿಯಂ ಫೆರೋ ಫಾಸ್ಫೇಟ್, 12.8 ವೋಲ್ಟ್. ನಾಲ್ಕು ಸೆಲ್ ಸಾಲಾಗಿ ಕೂಡಿಸಿದ್ದು, ತುಂಬಿದ ಮೇಲೆ ನಿಂತಾಗ 13.3ರ ಮೇಲೆ ಇರುತ್ತದೆ, ಕೊನೆಯವರೆಗೂ ವೋಲ್ಟೇಜ್ ಹೆಚ್ಚು ಬೀಳುವುದಿಲ್ಲ. 20 ಎಎಚ್‌ನದು ಎರಡೂವರೆ-ಮೂರು ಕೆಜಿ. ಅಷ್ಟೇ ಕೆಲಸದ ಲೆಡ್ ಬ್ಯಾಟರಿ ಎಂಟು ಕೆಜಿ. ಕೆರೆ ಏರಿಯಿಂದ ದೋಣಿಯವರೆಗೆ ಹೊತ್ತು ನಡೆಯುವವರಿಗೆ ಈ ವ್ಯತ್ಯಾಸ ಗೊತ್ತಾಗುತ್ತದೆ. 11.1 ವೋಲ್ಟ್ ಎಂದು ಬರೆದ ಲಿಥಿಯಂ ಅಯಾನ್ ಪ್ಯಾಕು ಬೇರೆ ಜಾತಿ. ತುಂಬಿದಾಗಲೇ 12.6, ಅರ್ಧಕ್ಕೆ 11ರ ಆಸುಪಾಸು. ಫಿಶ್ ಫೈಂಡರು ಬೇಗನೆ ಕಡಿಮೆ ವೋಲ್ಟೇಜ್ ಎಂದು ಕೂಗಲು ಶುರುಮಾಡುತ್ತದೆ.

ಹಳೇ ಸೆಲ್ ಕೂಡಿಸಿ ಹೊಸ ಸ್ಟಿಕರ್ ಹಚ್ಚಿದ ಪ್ಯಾಕುಗಳೂ ಬರುತ್ತವೆ. ಅಂಗಡಿಯ ತಕ್ಕಡಿಯೇ ಪರೀಕ್ಷೆ. 12.8 ವೋಲ್ಟ್ 20 ಎಎಚ್ ಎಂದು ಬರೆದು ಒಂದು ಕೆಜಿ ತೂಗಿದರೆ ಒಳಗೆ ಅಷ್ಟು ಸಾಮಾನು ಇಲ್ಲ. ಬಿಎಂಎಸ್ (ಸೆಲ್ಲುಗಳನ್ನು ಕಾಯುವ, ಮಿತಿ ಮೀರಿದರೆ ಕರೆಂಟು ಕಡಿಯುವ ಒಳಗಿನ ಸರ್ಕ್ಯೂಟು) ಇದೆಯೇ, ಅದು ಎಷ್ಟು ಆಂಪಿಯರ್ ತಾಳುತ್ತದೆ ಎಂಬುದನ್ನೂ ಬರೆಸಿಕೊಳ್ಳಿ.

ಬಿಲ್ಜ್ ಪಂಪಿನ ಲೆಕ್ಕ ಬೇರೆ

ಫಿಶ್ ಫೈಂಡರಿನ ಬ್ಯಾಟರಿಯನ್ನು ಸಂಜೆ ಮನೆಗೆ ಒಯ್ಯುತ್ತೀರಿ. ದೋಣಿ ದಡದಲ್ಲಿ ಕಟ್ಟಿರುತ್ತದೆ. ರಾತ್ರಿ ಮಳೆ ಬಂದರೆ ನೀರು ಎತ್ತಬೇಕಾದ ಪಂಪಿಗೆ ಕರೆಂಟು ಎಲ್ಲಿಂದ? ಆದ್ದರಿಂದ ತೇಲುವ ಸ್ವಿಚ್ಚಿನ ಪಂಪನ್ನು ದೋಣಿಯಲ್ಲೇ ಉಳಿಯುವ ದೊಡ್ಡ ಬ್ಯಾಟರಿಗೆ, ಮೇನ್ ಸ್ವಿಚ್ಚಿಗಿಂತ ಮುಂಚೆಯೇ, ಅದರದೇ ಫ್ಯೂಸಿನ ಮೂಲಕ ಕಟ್ಟಿ. ಸೆಲ್ಫ್ ಬ್ಯಾಟರಿಗೆ ಬೇರೆ ವೈರು ಬೇಡ ಎಂದ ಮಾತಿಗೆ ಇದೊಂದೇ ವಿನಾಯಿತಿ. ಟ್ರೋಲಿಂಗ್ ಬ್ಯಾಟರಿ ಇದ್ದರೆ ಅದಕ್ಕೇ ಕಟ್ಟಿ. ದೋಣಿಯಲ್ಲಿ ಯಾವ ಬ್ಯಾಟರಿಯೂ ಉಳಿಯುವುದಿಲ್ಲ ಎಂದಾದರೆ ಪಂಪನ್ನು ನೆಚ್ಚಬೇಡಿ. ದೋಣಿಯನ್ನು ದಡಕ್ಕೆ ಎಳೆದು ಮಗುಚಿ ಹಾಕಿ.

ಜೋಡಿಸುವುದು

ಬ್ಯಾಟರಿಗೆ ಮುಚ್ಚಳದ ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಬೇಕು. ತಳಕ್ಕೆ ರಬ್ಬರ್ ಮ್ಯಾಟು ಹಾಸಿ, ಬ್ಯಾಟರಿ ಅಲುಗದಂತೆ ಬೆಲ್ಟು ಬಿಗಿಯಿರಿ. ಲೆಡ್ ಬ್ಯಾಟರಿಯಾದರೆ ಮೇಲ್ಭಾಗದಲ್ಲಿ ಗಾಳಿಗೆ ಎರಡು ತೂತು ಇರಲಿ, ಚಾರ್ಜಾಗುವಾಗ ಹೊರಡುವ ಹೈಡ್ರೋಜನ್ ಒಳಗೇ ನಿಂತರೆ ಒಂದು ಕಿಡಿ ಸಾಕು. ಹರಿಗೋಲಿನಲ್ಲಿ ಡಬ್ಬಿಯನ್ನು ನಡುವೆ, ಹಲಗೆಯ ಮೇಲೆ ಇಡಿ. ಅಂಚಿಗಿಟ್ಟರೆ ಹುಟ್ಟು ಹಾಕುವಾಗ ತೂಕ ತಪ್ಪುತ್ತದೆ.

ಪ್ಲಸ್ ವೈರಿಗೆ ಬ್ಯಾಟರಿಯಿಂದ ಒಂದು ಗೇಣಿನ ಒಳಗೆ ಫ್ಯೂಸ್ ಬರಬೇಕು. ಫ್ಯೂಸ್ ಕಾಯುವುದು ವೈರನ್ನು. ದೂರದಲ್ಲಿ ಹಾಕಿದರೆ ಅದಕ್ಕೂ ಬ್ಯಾಟರಿಗೂ ನಡುವಿನ ವೈರು ಎಲ್ಲಾದರೂ ಉಜ್ಜಿ ಶಾರ್ಟ್ ಆದಾಗ ತಡೆಯುವವರೇ ಇಲ್ಲ. ಮುಖ್ಯ ಫ್ಯೂಸ್ 10 ಆಂಪಿಯರ್ ಇರಲಿ, ಆಮೇಲೆ ಫಿಶ್ ಫೈಂಡರಿಗೆ ಅದರ ಪುಸ್ತಕದಲ್ಲಿ ಹೇಳಿದಷ್ಟು, ಸಾಮಾನ್ಯವಾಗಿ 3. ಕಾರಿನ ಚಪ್ಪಟೆ ಫ್ಯೂಸು, ಮುಚ್ಚಳದ ಹೋಲ್ಡರು ಯಾವ ಆಟೋ ಎಲೆಕ್ಟ್ರಿಕ್ ಅಂಗಡಿಯಲ್ಲೂ ಸಿಗುತ್ತವೆ. ಫ್ಯೂಸ್ ಹಾರಿದಾಗ ಸಿಗರೇಟಿನ ಬೆಳ್ಳಿ ಹಾಳೆ ಸುತ್ತುವ ಚಟ ದೋಣಿಯಲ್ಲಿ ಬೇಡ.

ವೈರು ಬಹು ಎಳೆಯದಿರಲಿ, ಮನೆಯ ಗೋಡೆಗೆ ಹಾಕುವ ಒಂಟಿ ತಂತಿ ದೋಣಿಯ ಅಲುಗಾಟಕ್ಕೆ ಒಳಗೇ ಮುರಿಯುತ್ತದೆ. ಫಿಶ್ ಫೈಂಡರಿಗೆ 1.5 ಚದರ ಎಂಎಂ, ಪಂಪಿಗೆ 2.5. ಮೂರು ಮೀಟರ್ ದೂರಕ್ಕೆ 1.5ರ ವೈರಿನಲ್ಲಿ 1 ಆಂಪಿಯರ್ ಹೋಗಿ ಬರುವಾಗ ಕಳೆಯುವುದು 0.07 ವೋಲ್ಟ್ ಮಾತ್ರ. ಅದೇ ವೈರಿನಲ್ಲಿ 4 ಆಂಪಿಯರ್ ಕಳಿಸಿದರೆ 0.3 ವೋಲ್ಟ್ ಹೋಗುತ್ತದೆ.

ಎಲ್ಲರೂ ತಪ್ಪುವ ಜಾಗ ಬ್ಯಾಟರಿಯ ಪಿನ್ನು. 7 ಎಎಚ್ ಬ್ಯಾಟರಿಯ ಮೇಲಿನ ಚಪ್ಪಟೆ ಪಿನ್ನು ಎರಡು ಅಳತೆಯಲ್ಲಿ ಬರುತ್ತದೆ, 4.8 ಎಂಎಂ ಮತ್ತು 6.3 ಎಂಎಂ. ಸಣ್ಣ ಪಿನ್ನಿಗೆ ದೊಡ್ಡ ಸ್ಲೀವ್ ಹಾಕಿ ಇಕ್ಕಳದಿಂದ ಹಿಸುಕಿದರೆ ಮನೆಯಲ್ಲಿ ಗಟ್ಟಿಯೆನಿಸುತ್ತದೆ, ಅಲೆಗೆ ಬಿದ್ದ ಮೇಲೆ ಬಿಟ್ಟು ಬಿಟ್ಟು ತಾಗುತ್ತದೆ. ಸರಿಯಾದ ಅಳತೆಯ ಸ್ಲೀವ್ ಕೇಳಿ ತನ್ನಿ. ವೈರಿನ ತುದಿಯನ್ನು 7-8 ಎಂಎಂ ಸುಲಿಯಿರಿ, ಎಳೆಗಳನ್ನು ಒಮ್ಮೆ ಹುರಿಮಾಡಿ ಒಳಗೆ ತೂರಿಸಿ, ಕ್ರಿಂಪಿಂಗ್ ಇಕ್ಕಳದಿಂದ ಒತ್ತಿ, ಕೈಯಿಂದ ಜೋರಾಗಿ ಜಗ್ಗಿ ನೋಡಿ. ಕಿತ್ತು ಬಂದರೆ ಮನೆಯಲ್ಲೇ ಬರಲಿ. ಮೇಲೆ ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ತೊಡಿಸಿ ಲೈಟರಿನಿಂದ ಬಿಸಿ ಮಾಡಿ. ಕಡೆಗೆ ಪಿನ್ನಿಗೆ ತೆಳುವಾಗಿ ವ್ಯಾಸಲೀನ್ ಸವರಿ. ಬರೀ ಇನ್ಸುಲೇಷನ್ ಟೇಪು ಸುತ್ತಿದ ಜೋಡಣೆಯ ಒಳಗೆ ನೀರು ಸೇರಿ, ಆರು ತಿಂಗಳಲ್ಲಿ ತಾಮ್ರ ಹಸಿರುಗಟ್ಟಿ ಪುಡಿಯಾಗುತ್ತದೆ.

ಪ್ಲಸ್-ಮೈನಸ್ ತಿರುಗಿಸಿ ಹಾಕಿದರೆ ಫಿಶ್ ಫೈಂಡರ್ ಒಂದೇ ಸಲಕ್ಕೆ ಹೋಗಬಹುದು. ಕತ್ತಲೆಯಲ್ಲಿ ಕ್ಲಿಪ್ ಸಿಕ್ಕಿಸುವ ಪ್ರಸಂಗವೇ ಬರದಂತೆ, ತಿರುಗಿಸಿ ಹಾಕಲು ಬಾರದ ಪ್ಲಗ್ಗನ್ನು ಬ್ಯಾಟರಿಯಿಂದ ಬರುವ ವೈರಿಗೆ ಖಾಯಂ ಹಾಕಿಬಿಡಿ.

ದೋಣಿಗೆ ಇನ್ವರ್ಟರ್ ಒಯ್ದು 230 ವೋಲ್ಟ್ ಮಾಡುವ ಯೋಚನೆ ಬಿಡಿ. ಒದ್ದೆ ಕೈ, ಒದ್ದೆ ತಳ, ಸುತ್ತ ನೀರು. ಆ ಕರೆಂಟನ್ನು ನೀರಿಗೆ ಬಿಟ್ಟು ಮೀನು ಹಿಡಿಯುವುದಂತೂ ಮರಿ-ಮೊಟ್ಟೆ ಸಮೇತ ಕೆರೆಯನ್ನೇ ಕೊಲ್ಲುವ ಕೆಲಸ, ಹಿಡಿಯುವವನ ಜೀವವೂ ಉಳಿಯುವ ಖಾತ್ರಿಯಿಲ್ಲ. ಲೈಟು ಬಲೆ ಬಿಡಿಸಲು, ದಾರಿ ನೋಡಲು ಇರಲಿ. ಇಲ್ಲಿಂದ ಕಾರವಾರ, ಹೊನ್ನಾವರದ ಕಡೆ ದುಡಿಯಲು ಹೋಗುವವರು ನೆನಪಿಡಿ: ಸಮುದ್ರದಲ್ಲಿ ಎಲ್‌ಇಡಿ ಬೆಳಕಿಗೆ ಮೀನು ಸೆಳೆದು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿದೆ.

ಚಾರ್ಜ್ ಮಾಡುವುದು

ಸಣ್ಣ ಬ್ಯಾಟರಿಗಳು ಹೆಚ್ಚಾಗಿ ಸಾಯುವುದು ನೀರಿನಲ್ಲಿ ಅಲ್ಲ, ಮನೆಯಲ್ಲಿ. ಮನೆಯ ಇನ್ವರ್ಟರಿನ ದೊಡ್ಡ ಬ್ಯಾಟರಿ ಬಿಚ್ಚಿ, ಅದೇ ವೈರಿಗೆ 7 ಎಎಚ್‌ನದನ್ನು ಸಿಕ್ಕಿಸುತ್ತಾರೆ. ಇನ್ವರ್ಟರು 10-15 ಆಂಪಿಯರ್ ದಬ್ಬುತ್ತದೆ. ಆ ಬ್ಯಾಟರಿಯ ಮೈಮೇಲೆ ಸಣ್ಣ ಅಕ್ಷರದಲ್ಲಿ ಮೊದಲ ಕರೆಂಟು 2.1 ಆಂಪಿಯರ್ ಮೀರಬಾರದು ಎಂದು ಮುದ್ರಿಸಿರುತ್ತದೆ, ಯಾರೂ ಓದುವುದಿಲ್ಲ. ಅರ್ಧ ತಾಸಿನಲ್ಲಿ ಡಬ್ಬಿ ಬಿಸಿಯಾಗಿ ಹೊಟ್ಟೆ ಉಬ್ಬುತ್ತದೆ. ಉಬ್ಬಿದ್ದು ಮತ್ತೆ ಸರಿಹೋಗುವುದಿಲ್ಲ.

ಎಎಚ್‌ನ ಹತ್ತನೇ ಒಂದು ಭಾಗ ಎಂಬ ಲೆಕ್ಕ ಹಿಡಿಯಿರಿ: 7ಕ್ಕೆ 0.7 ಆಂಪಿಯರ್, 26ಕ್ಕೆ 2.6. ದಿನವೂ ಇಳಿಸಿ ತುಂಬುವ ಎಸ್‌ಎಂಎಫ್‌ಗೆ 14.4ರಿಂದ 14.7 ವೋಲ್ಟಿನಲ್ಲಿ ನಿಲ್ಲುವ ಚಾರ್ಜರ್ ಬೇಕು. ಚಾರ್ಜರಿಗೆ ಹಾಕಿಯೇ ಬಿಡುವುದಾದರೆ ಆಮೇಲೆ 13.5-13.8ಕ್ಕೆ ತಾನೇ ಇಳಿಯಬೇಕು. ಲಿಥಿಯಂ ಫೆರೋ ಫಾಸ್ಫೇಟಿಗೆ 14.4-14.6ರದ್ದು, ಅದಕ್ಕೆಂದೇ ಮಾಡಿದ್ದು. ಟ್ರಾನ್ಸ್‌ಫಾರ್ಮರಿನ ಹಳೇ ಕಬ್ಬಿಣದ ಚಾರ್ಜರು ತಾನಾಗಿ ನಿಲ್ಲುವುದಿಲ್ಲ, 16 ವೋಲ್ಟಿಗೂ ಏರುತ್ತದೆ. ಅದನ್ನು ಎಸ್‌ಎಂಎಫ್‌ಗೂ ಲಿಥಿಯಂಗೂ ಮುಟ್ಟಿಸಬೇಡಿ.

ಲೆಡ್ ಬ್ಯಾಟರಿಯನ್ನು ಬಂದ ದಿನವೇ ಚಾರ್ಜಿಗೆ ಹಾಕಿ. ಇಳಿದದ್ದನ್ನು ನಾಲ್ಕು ದಿನ ಮೂಲೆಯಲ್ಲಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಹರಳುಗಟ್ಟುತ್ತದೆ, ಆ ಜಾಗ ಮುಂದೆ ಚಾರ್ಜ್ ಹಿಡಿಯುವುದಿಲ್ಲ. ಹಳ್ಳಿಯಲ್ಲಿ ಕರೆಂಟು ಬರುವ ಹೊತ್ತು ಗೊತ್ತಿಲ್ಲದಿದ್ದರೆ 20 ವ್ಯಾಟಿನ ಸೋಲಾರ್ ಪ್ಯಾನೆಲ್ಲು, ಒಂದು ಸಣ್ಣ ಚಾರ್ಜ್ ಕಂಟ್ರೋಲರು ಇಡಿ. ಒಳ್ಳೆಯ ಬಿಸಿಲಿಗೆ ದಿನಕ್ಕೆ 5 ಎಎಚ್ ಹತ್ತಿರ ಬರುತ್ತದೆ, ಎರಡು ದಿನದಲ್ಲಿ ಒಂದು ದಿನದ ಖರ್ಚು ಹೆಚ್ಚುಕಡಿಮೆ ತುಂಬುತ್ತದೆ.

ನಮ್ಮ ಸೀಮೆಯಲ್ಲಿ ಬ್ಯಾಟರಿಯ ವೈರಿ ಚಳಿಯಲ್ಲ, ಏಪ್ರಿಲ್-ಮೇ ತಿಂಗಳ ಬಿಸಿಲು. ಸುತ್ತಲಿನ ಬಿಸಿ ಸುಮಾರು 10 ಡಿಗ್ರಿ ಏರಿದರೆ ಲೆಡ್ ಬ್ಯಾಟರಿಯ ಆಯುಷ್ಯ ಅರ್ಧವಾಗುತ್ತದೆ. ಡಬ್ಬಿ ಬಿಳಿಯದಿರಲಿ, ಹಲಗೆಯ ಅಡಿಯ ನೆರಳಿಗೆ ಬರಲಿ. ಬಿಸಿಲಿನಿಂದ ತಂದದ್ದನ್ನು ಕೂಡಲೇ ಚಾರ್ಜಿಗೆ ಹಾಕದೆ ಕೈಗೆ ತಣ್ಣಗಾಗುವವರೆಗೆ ಬಿಡಿ. ಲಿಥಿಯಂಗಂತೂ 45 ಡಿಗ್ರಿ ಮೇಲೆ ಚಾರ್ಜ್ ಮಾಡಲೇಬಾರದು.

ಕೆಟ್ಟಾಗ ಹುಡುಕುವುದು

ಸ್ಕ್ರೀನು ಪದೇ ಪದೇ ಆರಿದರೆ ಮೀಟರನ್ನು ಎರಡು ಕಡೆ ಇಡಿ: ಒಮ್ಮೆ ಬ್ಯಾಟರಿಯ ಪಿನ್ನಿನ ಮೇಲೆ, ಒಮ್ಮೆ ಫಿಶ್ ಫೈಂಡರಿನ ಪ್ಲಗ್ಗಿನಲ್ಲಿ. ಎರಡೂ ಸಲ ಸಾಮಾನು ಆನ್ ಇರಬೇಕು, ಆಫ್ ಇದ್ದಾಗ ಕೊಳೆತ ವೈರೂ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಬ್ಯಾಟರಿಯಲ್ಲಿ 12.5, ಪ್ಲಗ್ಗಿನಲ್ಲಿ 11.3 ಬಂದರೆ ನಡುವೆ ಎಲ್ಲೋ ಜಂಗು, ಸಡಿಲ ಸ್ಲೀವ್ ಅಥವಾ ಫ್ಯೂಸ್ ಹೋಲ್ಡರ್ ಕಪ್ಪಾಗಿದೆ. ಎರಡೂ ಕಡೆ ಒಂದೇ ಸಮ 11.3 ಆದರೆ ಬ್ಯಾಟರಿಯೇ ಇಳಿದಿದೆ.

ಲೆಡ್ ಬ್ಯಾಟರಿಯ ಮಟ್ಟವನ್ನು, ಎಲ್ಲ ಬಿಡಿಸಿ ಎರಡು-ಮೂರು ತಾಸು ನಿಲ್ಲಿಸಿ, ಮೀಟರಿನಲ್ಲಿ ಓದಬಹುದು: 12.7 ಪೂರ್ತಿ, 12.1-12.2 ಅರ್ಧ, 11.8 ಖಾಲಿ. ಲಿಥಿಯಂನಲ್ಲಿ ಈ ವಿದ್ಯೆ ನಡೆಯದು. ಬಹಳ ಹೊತ್ತು 13ರ ಆಸುಪಾಸಿನಲ್ಲೇ ನಿಂತು, ಕೊನೆಗೆ ಬಿಎಂಎಸ್ ಒಮ್ಮೆಲೇ ಕಡಿದುಬಿಡುತ್ತದೆ. ಅದಕ್ಕೆ ಎಷ್ಟು ತಾಸು ಓಡಿಸಿದಿರಿ ಎಂಬ ಲೆಕ್ಕವೇ ನಂಬಿಕೆಯದ್ದು.

ಹಳೇ 7 ಎಎಚ್ ಇನ್ನೂ ಬಾಳುತ್ತದೆಯೋ ಎಂದು ನೋಡಲು ಪೂರ್ತಿ ಚಾರ್ಜ್ ಮಾಡಿ, ಕಾರಿನ ಇಂಡಿಕೇಟರಿನ 21 ವ್ಯಾಟ್ ಬಲ್ಬು ಹಾಕಿ, ಗಡಿಯಾರ ನೋಡಿ. 10.5 ವೋಲ್ಟಿಗೆ ಬರುವಾಗ ಬಲ್ಬು ತೆಗೆಯಿರಿ. ಹೊಸದಾದರೆ ಮೂರು ತಾಸಿನ ಹತ್ತಿರ ಉರಿಯುತ್ತದೆ. ಎರಡು ತಾಸಿಗೂ ಮುಟ್ಟದಿದ್ದರೆ ನೀರಿಗೆ ಒಯ್ಯಬೇಡಿ. ಈ ಪರೀಕ್ಷೆ ವರ್ಷಕ್ಕೆ ಒಂದೆರಡು ಸಲ ಸಾಕು, ಮುಗಿದ ಕೂಡಲೇ ಚಾರ್ಜಿಗೆ ಹಾಕಿ.

ಮಳೆಗಾಲದಲ್ಲಿ ದೋಣಿ ದಡಕ್ಕೆ ಬಂದಾಗ ಬ್ಯಾಟರಿಯ ಎಲ್ಲ ವೈರು ಬಿಚ್ಚಿ. ಲೆಡ್ಡಿನದನ್ನು ಪೂರ್ತಿ ತುಂಬಿಸಿಟ್ಟು ತಿಂಗಳಿಗೊಮ್ಮೆ ಮತ್ತೆ ತುಂಬಿಸಿ. ಲಿಥಿಯಂನದನ್ನು ಅರ್ಧಕ್ಕಿಂತ ಸ್ವಲ್ಪ ಮೇಲಿಟ್ಟು ತಂಪಾದ ಜಾಗದಲ್ಲಿ ಮರೆತರೂ ನಡೆಯುತ್ತದೆ. ಸತ್ತ ಬ್ಯಾಟರಿಯನ್ನು ಕೆರೆ ದಂಡೆಯಲ್ಲಿ ಬಿಸಾಡಬೇಡಿ, ಒಡೆದು ಸೀಸ ತೆಗೆಯಲೂ ಹೋಗಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮದಂತೆ ಹಳೆಯದನ್ನು ವಾಪಸ್ ಪಡೆದು ಸಂಸ್ಕರಿಸುವ ಹೊಣೆ ತಯಾರಕರದ್ದು. ಹೊಸ ಲೆಡ್ ಬ್ಯಾಟರಿ ಕೊಳ್ಳುವಾಗ ಹಳೆಯದನ್ನು ಕೊಟ್ಟರೆ ಅಂಗಡಿಯವರು ತೂಕಕ್ಕೆ ತಕ್ಕಂತೆ ಬೆಲೆ ಇಳಿಸುತ್ತಾರೆ. ಬಿಲ್ಲಿನಲ್ಲಿ ಅದನ್ನು ಬರೆಸಿಕೊಂಡು ವಾರಂಟಿ ಕಾರ್ಡಿನ ಮೇಲೆ ತಾರೀಖು, ಸೀಲು ಹಾಕಿಸಿ.